ಒಬ್ಬನೇ ಮಲ್ಲಪ್ಪ, ನಾಲ್ಕು ಕ್ಲಾಸು

ಪ್ರಶ್ನೆ: ನಾವು ಮೂವರು ಗೆಳೆಯರು ಬಾಗಲಕೋಟೆಯ ನವನಗರದಲ್ಲಿ ಕೂತು ಪತ್ತಿನ ಸಹಕಾರಿ ಸಂಘಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಮೊದಲು ಯುಎಂಎಲ್‌ನಲ್ಲಿ (ಸಾಫ್ಟ್‌ವೇರ್‌ನ ರಚನೆಯನ್ನು ಚಿತ್ರದಲ್ಲಿ ತೋರಿಸುವ ಭಾಷೆ) ಮಾಡೆಲ್ ಬರೆದೆವು. ಆಮೇಲೆ ಅದರಿಂದ ಜಾವಾ ಭಾಷೆಯ ಕ್ಲಾಸು (ಒಂದು ಬಗೆಯ ವಸ್ತುಗಳಿಗೆ ಬರೆದ ಅಚ್ಚು), ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟೇಬಲ್ ಮಾಡಿಕೊಂಡೆವು. ‘ವ್ಯಕ್ತಿ’ಯ ಕೆಳಗೆ ‘ಸದಸ್ಯ’. ಸದಸ್ಯನ ಕೆಳಗೆ ‘ಸಾಲಗಾರ’, ‘ಠೇವಣಿದಾರ’, ‘ಜಾಮೀನುದಾರ’. ಸಾಲಗಾರನ ಕೆಳಗೆ ‘ಸುಸ್ತಿದಾರ’. ‘ನೌಕರ’ನ ಕೆಳಗೆ ‘ಪಿಗ್ಮಿ ಏಜೆಂಟ್’. ಖಾತೆಗಳಲ್ಲಿ ‘ಉಳಿತಾಯ ಖಾತೆ’ಯ ಕೆಳಗೆ ‘ಪಿಗ್ಮಿ’ ಮತ್ತು ‘ಮುದ್ದತಿ ಠೇವಣಿ’. ಟೇಬಲ್‌ಗಳಿಗೆ ಪೋಸ್ಟ್‌ಗ್ರೆಸ್‌ನ ‘ಇನ್‌ಹೆರಿಟ್ಸ್’ ಸೌಲಭ್ಯವನ್ನೇ ಬಳಸಿದ್ದೇವೆ. ಒಂದು ಸಂಘದ ಸುಮಾರು 4 ಸಾವಿರ ಸದಸ್ಯರ ಡೇಟಾ ತುಂಬಿದ ಮೇಲೆ ಅಲ್ಲಿನ ಕಾರ್ಯದರ್ಶಿಯವರು ಫೋನ್ ಮಾಡಿ, “ಏನ್ರೀ, ನಮ್ಮ ಮಲ್ಲಪ್ಪ ಒಬ್ಬಾಂವ ಅದಾನ. ನಿಮ್ಮ ಕಂಪ್ಯೂಟರ್‌ನ್ಯಾಗ ನಾಕು ಮಂದಿ ಹ್ಯಾಂಗ ಆದ್ರು?” ಅಂದರು. ಸದಸ್ಯ ಸಂಖ್ಯೆಗೆ ಪ್ರೈಮರಿ ಕೀ (ಒಂದು ಸಂಖ್ಯೆ ಒಮ್ಮೆ ಮಾತ್ರ ಬರಬೇಕು ಅನ್ನುವ ನಿಯಮ) ಹಾಕಿದ್ದರೂ ಒಂದೇ ಸಂಖ್ಯೆ ಎರಡು ಮೂರು ಕಡೆ ಇದೆ. ‘ಸಾಲಗಾರ-ಠೇವಣಿದಾರ’ ಅಂತ ಒಂದು ಕ್ಲಾಸು ಮಾಡಲು ಹೋದರೆ ಜಾವಾ ಒಪ್ಪುವುದಿಲ್ಲ. ಒಬ್ಬ ಸೀನಿಯರ್, ಇನ್‌ಹೆರಿಟೆನ್ಸೇ (ಮೇಲಿನ ಕ್ಲಾಸಿನದ್ದನ್ನು ಕೆಳಗಿನದು ಪಡೆಯುವುದು) ಹಳೇ ಕಾಲದ್ದು, ಪೂರ್ತಿ ತೆಗೀರಿ ಅನ್ನುತ್ತಾರೆ. ಗೆಳೆಯನೊಬ್ಬ ಪೈಥಾನ್‌ಗೆ ಹೋಗು, ಅಲ್ಲಿ ಎರಡೆರಡು ಕ್ಲಾಸಿನಿಂದ ಪಡೆಯಬಹುದು ಅನ್ನುತ್ತಾನೆ. ಇನ್ನೊಬ್ಬರು ಎಲ್ಲ ಒಂದೇ ಟೇಬಲ್‌ಗೆ ಹಾಕಿ, ಟೇಬಲ್‌ಗಳನ್ನು ಜಾಯಿನ್ ಮಾಡಿದರೆ, ಅಂದರೆ ಜೋಡಿಸಿ ಓದಿದರೆ, ಸ್ಲೋ ಆಗುತ್ತದೆ ಅಂತ ಹೆದರಿಸಿದ್ದಾರೆ. ಯಾವುದನ್ನು ಕೇಳಬೇಕು?

ಉತ್ತರ: ಮೂವರದ್ದೂ ಬೇಡ. ಕೇಳಬೇಕಾದದ್ದು ಕಾರ್ಯದರ್ಶಿಯವರ ಮಾತನ್ನು. ಬೆಳಗಾವಿಯಲ್ಲಿ ಕೂತು 20 ವರ್ಷಕ್ಕೂ ಜಾಸ್ತಿ ಡೇಟಾ ಮಾಡೆಲ್ ಬರೆದಿದ್ದೇನೆ, ಬೇರೆಯವರದ್ದು ತಿದ್ದಿದ್ದೇನೆ. ಒಂದು ಮಾಡೆಲ್ ಎಲ್ಲಿ ತಪ್ಪಿದೆ ಅಂತ ಇಷ್ಟು ನೇರವಾಗಿ ಕೇಳಿದವರು ಕಡಿಮೆ.

ಮೊದಲು ಅರ್ಜೆಂಟ್ ಇರುವುದು. ಒಂದೇ ಸದಸ್ಯ ಸಂಖ್ಯೆ ಮೂರು ಕಡೆ ಬಂದಿದ್ದಕ್ಕೆ ನಿಮ್ಮ ಕೋಡ್ ಕಾರಣ ಅಲ್ಲ, ಪೋಸ್ಟ್‌ಗ್ರೆಸ್ ಕೆಟ್ಟಿಲ್ಲ. ಅದರ ಇನ್‌ಹೆರಿಟ್ಸ್ ಸೌಲಭ್ಯ ಇರುವುದೇ ಹಾಗೆ. ಮೇಲಿನ ಟೇಬಲ್‌ನ ಕಾಲಂಗಳು ಕೆಳಗಿನ ಟೇಬಲ್‌ಗೆ ಬರುತ್ತವೆ, ಪ್ರೈಮರಿ ಕೀ ಮತ್ತು ಯೂನಿಕ್ ನಿಯಮ ಬರುವುದಿಲ್ಲ. ಕೆಳಗಿನ ಪ್ರತಿ ಟೇಬಲ್‌ಗೂ ನೀವು ಬೇರೆ ಬೇರೆ ಕೀ ಹಾಕಿದರೂ ಆಯಾ ಟೇಬಲ್ ಒಳಗೆ ಮಾತ್ರ ತಪಾಸಣೆ ಆಗುತ್ತದೆ. ಸಾಲಗಾರ ಟೇಬಲ್‌ನಲ್ಲಿ 1142 ಇದೆಯೋ ಇಲ್ಲವೋ ಅಂತ ಠೇವಣಿದಾರ ಟೇಬಲ್ ಹೋಗಿ ನೋಡುವುದಿಲ್ಲ. ಇನ್ನೊಂದು ತೊಂದರೆಯೂ ನಿಮಗೆ ಈಗಾಗಲೇ ಬಂದಿರಬೇಕು. ಸದಸ್ಯ ಟೇಬಲ್‌ಗೆ ಬೇರೊಂದು ಟೇಬಲ್‌ನಿಂದ ಫಾರಿನ್ ಕೀ (ಈ ಸಂಖ್ಯೆ ಅಲ್ಲಿ ಇರಲೇಬೇಕು ಅನ್ನುವ ಕೊಂಡಿ) ಕೊಟ್ಟರೆ ಕೆಳಗಿನ ಟೇಬಲ್‌ಗಳಲ್ಲಿರುವ ಸಾಲುಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ಅವರ ದಸ್ತಾವೇಜಿನಲ್ಲೇ ಈ ಎಚ್ಚರಿಕೆ ಬರೆದಿದ್ದಾರೆ. ಹೆಸರು ನೋಡಿ ಮರುಳಾಗಿ ಅದನ್ನು ಓದದವರ ಪಟ್ಟಿಯಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. ಇಂದಿನಿಂದಲೇ ಹೊಸ ಸದಸ್ಯರನ್ನು ಸೇರಿಸುವ ಮೊದಲು ಸದಸ್ಯ ಮತ್ತು ಅದರ ಕೆಳಗಿನ ಎಲ್ಲ ಟೇಬಲ್ ಹುಡುಕುವ ಒಂದು ತಪಾಸಣೆ ಹಾಕಿ. ಇದು ತಾತ್ಕಾಲಿಕ. ಗಾಯಕ್ಕೆ ಕಟ್ಟಿದ ಬಟ್ಟೆ ಅಷ್ಟೇ.

ಇನ್ನು ಅಸಲಿ ವಿಷಯ. ಇನ್‌ಹೆರಿಟೆನ್ಸ್ ಅನ್ನುವ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ನಮ್ಮ ಕಡೆ ವಾರಸಾ ಅಂದರೆ ತಲಾಠಿ ಕಚೇರಿ, ಉತಾರೆ, ಅಣ್ಣತಮ್ಮಂದಿರ ಪಾಲು. ಅಲ್ಲಿ ಅಪ್ಪನ ಹೊಲ ಮಗನಿಗೆ ಬರುತ್ತದೆ, ಮಗ ಮಾತ್ರ ಅಪ್ಪ ಆಗುವುದಿಲ್ಲ. ಮಾಡೆಲ್‌ನಲ್ಲಿ ಇದು ತಿರುಗಾಮುರುಗಾ. ಪಿಗ್ಮಿ ಖಾತೆ ‘ಖಾತೆ’ಯಿಂದ ಏನೋ ಪಡೆದುಕೊಂಡಿತು ಅನ್ನುವುದು ಮುಖ್ಯ ಅಲ್ಲ. ಪಿಗ್ಮಿ ಖಾತೆ ಅಂದರೆ ಒಂದು ಖಾತೆಯೇ, ಹುಟ್ಟಿದ ದಿನದಿಂದ ಮುಚ್ಚುವ ದಿನದವರೆಗೆ. ಆದರೆ ಬರೆಯಲು ಕೂತಾಗ ನಮ್ಮ ಕಣ್ಣು ಕಾಲಂಗಳ ಮೇಲಿರುತ್ತದೆ. ಸಾಲಗಾರನಿಗೂ ಹೆಸರು, ವಿಳಾಸ ಬೇಕು, ಠೇವಣಿದಾರನಿಗೂ ಬೇಕು, ಎರಡು ಸಲ ಯಾಕೆ ಬರೆಯಬೇಕು, ಮೇಲಕ್ಕೆ ಹಾಕೋಣ ಅನ್ನುತ್ತೇವೆ. ಹತ್ತು ಸಾಲು ಬರೆಯುವುದು ಉಳಿಯಿತು ಅಂತ ಖುಷಿ. ಮುಂದೆ ಮಲ್ಲಪ್ಪ ಬರುತ್ತಾನೆ.

ನೀವೇ ಯೋಚಿಸಿ. ‘ಬೀಗ’ ಅನ್ನುವುದು ಮನುಷ್ಯರಲ್ಲಿ ಒಂದು ಬಗೆಯೇ? ಯಾರನ್ನಾದರೂ ತೋರಿಸಿ, ಇವರು ಬೀಗರು ಅಂದರೆ, ಯಾರಿಗೆ ಬೀಗರು ಅಂತಲೇ ಎದುರಿನವರು ಕೇಳುತ್ತಾರೆ. ಅದೇ ಮನುಷ್ಯ ಇನ್ನೊಬ್ಬರಿಗೆ ಅಳಿಯ, ಮತ್ತೊಬ್ಬರಿಗೆ ಸೋದರಮಾವ. ಮದುವೆ ಆಗುವವರೆಗೆ ಅವರು ಯಾರ ಬೀಗರೂ ಆಗಿರಲಿಲ್ಲ. ಸಾಲಗಾರ, ಠೇವಣಿದಾರ, ಜಾಮೀನುದಾರ ಮೂರೂ ಇಂಥ ಹೆಸರುಗಳೇ. ಯಾವ ಸಾಲಕ್ಕೆ ಸಾಲಗಾರ? ಯಾರ ಸಾಲಕ್ಕೆ ಜಾಮೀನು? ಈ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ ಅಂದ ಮೇಲೆ ಅದು ಕ್ಲಾಸು ಅಲ್ಲ, ಸಂಬಂಧ. ವ್ಯಕ್ತಿ ಮತ್ತು ಸಾಲದ ನಡುವೆ ಒಂದು ಗೆರೆ. ಆ ಗೆರೆ ಇದ್ದರೆ ಮಲ್ಲಪ್ಪ ಸಾಲಗಾರ. ಸಾಲ ತೀರಿದರೆ ಗೆರೆಯ ಮೇಲೆ ಮುಗಿದ ತಾರೀಖು ಬೀಳುತ್ತದೆ, ವ್ಯಕ್ತಿ ಟೇಬಲ್‌ನಲ್ಲಿರುವ ಮಲ್ಲಪ್ಪನ ಮಾಹಿತಿಯನ್ನು ಯಾರೂ ಮುಟ್ಟಬೇಕಿಲ್ಲ. ಜಾಮೀನೂ ಹೀಗೇ. ಒಂದು ಲಾಭ ಏನೆಂದರೆ, ಸಾಲ ಪಡೆದವನೇ ಅದೇ ಸಾಲಕ್ಕೆ ಜಾಮೀನು ನಿಲ್ಲುವಂತಿಲ್ಲ ಅನ್ನುವ ನಿಯಮವನ್ನು ಈಗ ಜಾಮೀನಿನ ಟೇಬಲ್‌ನಲ್ಲೇ ಬರೆಯಬಹುದು. ಈಗಿನ ಮಾಡೆಲ್‌ನಲ್ಲಿ ಅದನ್ನು ಎಲ್ಲಿ ಬರೆದಿದ್ದೀರಿ? ಎಲ್ಲೋ ಒಂದು ಸ್ಕ್ರೀನಿನ ಕೋಡ್‌ನಲ್ಲಿ ಇರಬಹುದು, ಅಲ್ವಾ?

‘ಸದಸ್ಯ’ ಸ್ವಲ್ಪ ಬೇರೆ. ಸದಸ್ಯತ್ವಕ್ಕೆ ಅದರದೇ ಮಾಹಿತಿ ಇದೆ: ಷೇರು, ಸೇರಿದ ತಾರೀಖು, ನಾಮಮಾತ್ರ ಸದಸ್ಯನೋ ಪೂರ್ಣ ಸದಸ್ಯನೋ. ಆದರೂ ಜನ ಸದಸ್ಯತ್ವ ಬಿಡುತ್ತಾರೆ, ಮತ್ತೆ ಸೇರುತ್ತಾರೆ. ಆದ್ದರಿಂದ ‘ಸದಸ್ಯತ್ವ’ ಅಂತ ಬೇರೆ ಟೇಬಲ್ ಮಾಡಿ ವ್ಯಕ್ತಿಗೆ ಕಟ್ಟಿ. ಸಾಲಗಾರನ ವಾರ್ಷಿಕ ಆದಾಯ ಅಂತ ಒಂದು ಕಾಲಂ ಇಟ್ಟಿರುತ್ತೀರಿ. ಅದು ವ್ಯಕ್ತಿಯದ್ದೂ ಅಲ್ಲ, ಆ ಸಾಲದ ಅರ್ಜಿಯದ್ದು. ಅರ್ಜಿ ಕೊಟ್ಟ ದಿನ ಅವರು ಹೇಳಿದ ಆದಾಯ ಅದು.

‘ಸುಸ್ತಿದಾರ’ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಅದು ಬಗೆಯೂ ಅಲ್ಲ, ಸಂಬಂಧವೂ ಅಲ್ಲ, ಇವತ್ತಿನ ಸ್ಥಿತಿ ಅಷ್ಟೇ. ಕಬ್ಬಿನ ಬಿಲ್ಲು ತಡವಾದರೆ ಅರ್ಧ ಊರು ಸುಸ್ತಿ, ಬಿಲ್ಲು ಬಂದ ವಾರ ಎಲ್ಲರೂ ಸರಿ. ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟ್ (ಕ್ಲಾಸಿನ ಅಚ್ಚಿನಿಂದ ಆದ ಒಂದು ವಸ್ತು) ತನ್ನ ಕ್ಲಾಸು ಬದಲಿಸುವಂತಿಲ್ಲ. ಹಾಗಾಗಿ ನೀವು ಹಳೆಯದನ್ನು ಅಳಿಸಿ ಹೊಸದು ಸೃಷ್ಟಿ ಮಾಡುತ್ತಿರುತ್ತೀರಿ, ಸಂಖ್ಯೆ ಕೈಯಿಂದ ಕಾಪಿ ಮಾಡುತ್ತಿರುತ್ತೀರಿ. ನಾಲ್ಕನೇ ಮಲ್ಲಪ್ಪ ಹುಟ್ಟಿದ್ದು ಇಲ್ಲೇ ಇರಬೇಕು ಅಂತ ನನ್ನ ಅನುಮಾನ. ಕಂತಿನ ತಾರೀಖು ಮತ್ತು ಕಟ್ಟಿದ ಹಣ ನೋಡಿದರೆ ಸುಸ್ತಿ ಯಾರು ಅಂತ ಲೆಕ್ಕವೇ ಹೇಳುತ್ತದೆ.

ಈಗ ‘ಜಾವಾ ಒಪ್ಪುವುದಿಲ್ಲ’ ಅನ್ನುವ ದೂರು. ಕ್ಲಾಸು, ಉಪಕ್ಲಾಸು ಅನ್ನುವ ಕಲ್ಪನೆ ಬಂದದ್ದು ಸಿಮುಲಾ 67 ಭಾಷೆಯಿಂದ, ನಾರ್ವೆಯ ಡಾಲ್ ಮತ್ತು ನೀಗಾರ್ಡ್ ಅವರ ಕೆಲಸ. ಅಲ್ಲಿ ಒಂದು ಕ್ಲಾಸಿಗೆ ಮೇಲೆ ಒಂದೇ ಕ್ಲಾಸು. ಡೇಟಾಬೇಸ್ ಲೋಕಕ್ಕೆ ಇದೇ ವಿಚಾರ 1977ರಲ್ಲಿ ಸ್ಮಿತ್ ದಂಪತಿಯ ಲೇಖನದಿಂದ ಗಟ್ಟಿಯಾಗಿ ಬಂತು. ಸಿ++ ಭಾಷೆ 1989ರಲ್ಲಿ ಎರಡು ಮೂರು ಕ್ಲಾಸುಗಳಿಂದ ಪಡೆಯುವುದಕ್ಕೆ ಬಾಗಿಲು ತೆರೆಯಿತು. ಕೂಡಲೇ ಒಂದು ಗೋಜಲೂ ಒಳಗೆ ಬಂತು. ಸಾಲಗಾರ, ಠೇವಣಿದಾರ ಎರಡೂ ‘ಸದಸ್ಯ’ನಿಂದ ಬಂದಿವೆ. ಎರಡರಿಂದಲೂ ಪಡೆದ ಹೊಸ ಕ್ಲಾಸಿನಲ್ಲಿ ಷೇರು ಸಂಖ್ಯೆ ಒಂದಿರಬೇಕೋ ಎರಡೋ? ಸಿ++ ಸುಮ್ನೆ ಬಿಟ್ಟರೆ ಎರಡು ಇಡುತ್ತದೆ, ‘ವರ್ಚುವಲ್’ ಅಂತ ಬರೆದರೆ ಮಾತ್ರ ಒಂದು. ಜಾವಾ ಮಾಡಿದವರು ಇದನ್ನು ನೋಡಿ, ಡೇಟಾ ಒಂದೇ ಕಡೆಯಿಂದ ಬರಲಿ, ಮಾತು ಕೊಡುವುದು ಎಷ್ಟು ಕಡೆಯಿಂದಲಾದರೂ ಇರಲಿ ಅಂತ ಇಂಟರ್‌ಫೇಸ್ ಇಟ್ಟರು, ಅಂದರೆ ಇಂತಿಂಥ ಕೆಲಸ ಮಾಡುತ್ತೇನೆ ಅನ್ನುವ ಮಾತಿನ ಪಟ್ಟಿ. 2014ರಲ್ಲಿ ಜಾವಾ 8 ಇಂಟರ್‌ಫೇಸ್‌ಗಳಿಗೆ ಮೆಥಡ್‌ನ (ಕ್ಲಾಸು ಮಾಡುವ ಒಂದು ಕೆಲಸದ) ಒಡಲನ್ನೂ, ಅಂದರೆ ಕೋಡನ್ನೂ, ಕೊಟ್ಟಿತು. ಒಂದೊಂದು ಆಬ್ಜೆಕ್ಟ್‌ಗೂ ಬೇರೆ ಬೇರೆಯಾಗಿರುವ ಡೇಟಾವನ್ನು ಮಾತ್ರ ಇವತ್ತಿಗೂ ಅವುಗಳಲ್ಲಿ ಇಡುವಂತಿಲ್ಲ. ಎಸ್‌ಕ್ಯೂಎಲ್‌ನ 1999ರ ಮಾನದಂಡ ಕೂಡ ಟೈಪ್‌ಗಳಿಗೆ ಮೇಲೆ ಒಂದೇ ಟೈಪ್ ಅಂತಲೇ ಹೇಳಿದೆ. ಇವರೆಲ್ಲ ಹೆದರಿದ್ದು ಎರಡು ಕಡೆಯಿಂದ ಬರುವ ಡೇಟಾಕ್ಕೆ.

ಪೈಥಾನ್‌ಗೆ ಹೋದರೆ? ಅಲ್ಲಿ 2003ರ 2.3 ಆವೃತ್ತಿಯಿಂದ ಯಾವ ಕ್ಲಾಸಿನ ಮೆಥಡ್ ಮೊದಲು ಅಂತ ಸರದಿ ಹಚ್ಚುವ ಒಂದು ಒಳ್ಳೆಯ ಪದ್ಧತಿ ಇದೆ. ಅದು ಯಾವ ಕೋಡ್ ಓಡಬೇಕು ಅನ್ನುವುದಕ್ಕೆ ಉತ್ತರ. ಮಲ್ಲಪ್ಪ ಎಷ್ಟು ಮಂದಿ ಅನ್ನುವುದಕ್ಕೆ ಅಲ್ಲ. ಮೂರು ಪಾತ್ರಗಳಿದ್ದರೆ ಅವುಗಳ ಜೋಡಣೆ 7, ಐದಾದರೆ 31. ಮಲ್ಲಪ್ಪ ಡೈರೆಕ್ಟರ್ ಆದ ದಿನ ಹೊಸ ಕ್ಲಾಸು ಬರೆಯುತ್ತೀರಾ? ಗೆಳೆಯನಿಗೆ ಚಹಾ ಕುಡಿಸಿ ಕಳಿಸಿ.

ಹಾಗಂತ, ಒಂದು ವಸ್ತು ಎರಡು ಬಗೆಗೆ ಸೇರುವುದೇ ತಪ್ಪು ಅಂತ ತಿಳಿಯಬೇಡಿ. ಪ್ರೋಗ್ರಾಮಿಂಗ್ ಭಾಷೆಯ ಹೆದರಿಕೆ ಬೇರೆ, ಮಾಡೆಲಿಂಗ್ ಭಾಷೆಯ ಆಯ್ಕೆ ಬೇರೆ. ಇಲ್ಲಿ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಲ್ಲಿ ಸ್ಟೆಪ್ ಫೈಲ್ (ಯಂತ್ರಭಾಗದ ವಿನ್ಯಾಸವನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್) ಅಂದರೆ ಎಲ್ಲರಿಗೂ ಗೊತ್ತು. ಆ ಫೈಲುಗಳ ರಚನೆ ಬರೆದಿರುವುದು ಎಕ್ಸ್‌ಪ್ರೆಸ್ ಅನ್ನುವ ಭಾಷೆಯಲ್ಲಿ, ಐಎಸ್‌ಒ 10303ರ 11ನೇ ಭಾಗ. ಅದರಲ್ಲಿ ಉಪಬಗೆಗಳ ನಡುವೆ ಯಾವ ಲೆಕ್ಕ ಅಂತ ನೀವೇ ಬರೆಯಬಹುದು: ‘ಒನ್‌ಆಫ್’ ಅಂದರೆ ಯಾವುದೋ ಒಂದು ಮಾತ್ರ, ‘ಆಂಡ್‌ಆರ್’ ಅಂದರೆ ಒಂದೋ ಹಲವೋ. ಏನೂ ಬರೆಯದಿದ್ದರೆ ಆಂಡ್‌ಆರ್ ಅಂತ ಹಿಡಿಯುತ್ತದೆ. ಮಧ್ಯದಲ್ಲಿ ಜೋಡಣೆಯ ಕ್ಲಾಸು ಬೇಕಿಲ್ಲ. ವೆಬ್‌ನ ಮಾಹಿತಿಯನ್ನು ಬಗೆಗಳಾಗಿ ಬರೆಯುವ ಓಡಬ್ಲ್ಯುಎಲ್ ಭಾಷೆ ಇನ್ನೂ ಉದಾರ. ಎರಡು ಬಗೆಗಳು ಬೇರೆ ಬೇರೆ ಅಂತ ನೀವು ಬಾಯಿಬಿಟ್ಟು ಹೇಳುವವರೆಗೆ ಒಂದು ವಸ್ತು ಎರಡೂ ಆಗಿರಬಹುದು ಅಂತಲೇ ಅದರ ನಂಬಿಕೆ.

ನೀವು ಬಳಸಿದ ಯುಎಂಎಲ್ ಕಥೆ ಸ್ವಾರಸ್ಯವಾಗಿದೆ. ಉಪಕ್ಲಾಸುಗಳು ಒಂದರ ಮೇಲೊಂದು ಬರಬಹುದೋ ಇಲ್ಲವೋ, ಇಷ್ಟೇ ಬಗೆಗಳೋ ಇನ್ನೂ ಇವೆಯೋ ಅಂತ ಗೆರೆಯ ಪಕ್ಕ ಬರೆಯಲು ಅದರಲ್ಲಿ ಜಾಗ ಇದೆ. ಬರೆಯದೇ ಬಿಟ್ಟರೆ 2.4.1ರವರೆಗೆ ‘ಒಂದರ ಮೇಲೊಂದು ಬರುವುದಿಲ್ಲ’ ಅಂತ ಅರ್ಥ. 2015ರ 2.5ರಲ್ಲಿ ಅದನ್ನು ‘ಬರಬಹುದು’ ಅಂತ ತಿರುಗಿಸಿದರು. ಅಂದರೆ ಅದೇ ಚಿತ್ರ, ಆವೃತ್ತಿ ಬದಲಾದರೆ ಅರ್ಥ ಉಲ್ಟಾ. ನೀವು ಖಂಡಿತ ಬರೆದಿರಲಿಕ್ಕಿಲ್ಲ, ಯಾರೂ ಬರೆಯುವುದಿಲ್ಲ. ಮೂವರೂ ಕೂತು ಪ್ರತಿ ಕವಲಿನ ಮುಂದೆ ಆ ಎರಡು ಪದ ಬರೆಯಿರಿ. ಸಾಲಗಾರ, ಠೇವಣಿದಾರ ಕವಲಿನಲ್ಲಿ ‘ಬರಬಹುದು’ ಅಂತ ಬರೆಯುವಾಗಲೇ ಕೈ ತಡೆಯುತ್ತದೆ. ಜಾವಾ ಕ್ಲಾಸು ಅದನ್ನು ಹಿಡಿಯಲಾರದು ಅಂತ ಅಲ್ಲೇ ಗೊತ್ತಾಗುತ್ತದೆ.

ಈಗ ಸೀನಿಯರ್ ಅವರ ಮಾತು. ಇನ್‌ಹೆರಿಟೆನ್ಸ್ ಪೂರ್ತಿ ತೆಗೆಯಿರಿ ಅನ್ನುವುದು ಈಗಿನ ಫ್ಯಾಷನ್. ಪ್ರೋಗ್ರಾಂಗಳ ನಡುವೆ ಡೇಟಾ ಕಳಿಸಲು ಬಳಸುವ ಪ್ರೋಟೊಬಫ್‌ನಂಥ ಕಡೆ ಅದು ಇಲ್ಲವೇ ಇಲ್ಲ, ಕೆಲಸ ನಡೆಯುತ್ತದೆ ಅನ್ನುವುದೂ ನಿಜ. ಆದರೆ ನಿಮ್ಮ ಖಾತೆಗಳು ನಿಜವಾಗಿ ಬಗೆಗಳೇ. ಪಿಗ್ಮಿ ಖಾತೆ ನಾಳೆ ಮುದ್ದತಿ ಠೇವಣಿ ಆಗುವುದಿಲ್ಲ. ಅದನ್ನು ಮುಚ್ಚಿ ಇನ್ನೊಂದು ತೆರೆಯುತ್ತಾರೆ. ಒಂದೇ ಖಾತೆ ಎರಡೂ ಆಗಿರುವುದಿಲ್ಲ. ಕಿರ್ದಿಯಲ್ಲಿ ಬರೆಯುವಾಗ ಯಾವ ಖಾತೆಯಾದರೂ ಜಮಾ, ಖರ್ಚು ಒಂದೇ ರೀತಿ. ಇಲ್ಲಿ ಇನ್‌ಹೆರಿಟೆನ್ಸ್ ಇಟ್ಟುಕೊಳ್ಳಿ. ಈ ಎರಡು ಪ್ರಶ್ನೆ ಕೇಳಿ ಸಾಕು: ಇದು ಬದುಕಿರುವಾಗ ಬಗೆ ಬದಲಿಸುತ್ತದಾ? ಒಂದೇ ಹೊತ್ತಿಗೆ ಎರಡು ಬಗೆ ಆಗಬಹುದಾ? ಎರಡಕ್ಕೂ ಇಲ್ಲ ಅಂದರೆ ಮಾತ್ರ ಉಪಕ್ಲಾಸು.

ಆದರೆ ಮುದ್ದತಿ ಠೇವಣಿಯನ್ನು ಉಳಿತಾಯ ಖಾತೆಯ ಕೆಳಗೆ ಹಾಕಿದ್ದು ತಪ್ಪು. ಉಳಿತಾಯ ಖಾತೆ, ‘ಬ್ಯಾಲೆನ್ಸ್ ಇದ್ದರೆ ಯಾವಾಗ ಬೇಕಾದರೂ ಹಣ ತೆಗೆಯಿರಿ’ ಅಂತ ಮಾತು ಕೊಟ್ಟಿದೆ. ಮುದ್ದತಿ ಠೇವಣಿ ಆ ಮಾತು ನಡೆಸಲಾರದು, ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಕಡಿತ, ಬೇರೆ ಅರ್ಜಿ. ಮೇಲಿನ ಬಗೆ ಕೊಟ್ಟ ಮಾತನ್ನು ಕೆಳಗಿನದು ಮುರಿಯಬಾರದು ಅನ್ನುವುದನ್ನು ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಒಂದು ಭಾಷಣದಲ್ಲಿ ಹೇಳಿದರು. 1994ರಲ್ಲಿ ಜೆನೆಟ್ ವಿಂಗ್ ಜೊತೆ ಅದನ್ನು ಕರಾರುವಾಕ್ಕಾಗಿ ಬರೆದರು. ಮೇಲೆ ಬರೀ ‘ಖಾತೆ’ ಇರಲಿ, ಅದಕ್ಕೆ ಸ್ವಂತ ಆಬ್ಜೆಕ್ಟ್ ಇರುವುದು ಬೇಡ. ಅದರ ಕೆಳಗೆ ಉಳಿತಾಯ, ಪಿಗ್ಮಿ, ಮುದ್ದತಿ, ಸಾಲ ಎಲ್ಲ ಅಣ್ಣತಮ್ಮಂದಿರ ಹಾಗೆ ಸಾಲಾಗಿ. ಎರಡೇ ಮಟ್ಟ. ಮೂರನೆಯದು ಬಂದರೆ ನಾನು ಅನುಮಾನ ಪಡುತ್ತೇನೆ, ನಾಲ್ಕನೆಯದು ಬಂದರೆ ಅಳಿಸುತ್ತೇನೆ.

ಟೇಬಲ್‌ಗೆ ಬರೋಣ. ಎಲ್ಲ ಖಾತೆ ಒಂದೇ ಟೇಬಲ್‌ನಲ್ಲಿ ಇಟ್ಟರೆ ಓದುವುದು ಸುಲಭ. ತೊಂದರೆ ಏನೆಂದರೆ ಮುದ್ದತಿಯ ಅವಧಿ ಪಿಗ್ಮಿಗೆ ಖಾಲಿ, ಪಿಗ್ಮಿಯ ಏಜೆಂಟ್ ಸಂಖ್ಯೆ ಸಾಲಕ್ಕೆ ಖಾಲಿ. ‘ಖಾಲಿ ಬಿಡುವಂತಿಲ್ಲ’ ಅನ್ನುವ ಸರಳ ನಿಯಮ ಕೈತಪ್ಪುತ್ತದೆ, ಬಗೆ ನೋಡಿ ತಪಾಸಿಸುವ ಚೆಕ್‌ಗಳನ್ನು ಒಂದೊಂದಾಗಿ ಬರೆಯಬೇಕು. ಒಂದೊಂದು ಬಗೆಗೆ ಪೂರ್ತಿ ಬೇರೆ ಟೇಬಲ್ ಮಾಡಿದರೆ ಕಿರ್ದಿಯ ಸಾಲು ಯಾವ ಟೇಬಲ್‌ಗೆ ಫಾರಿನ್ ಕೀ ಕೊಡಬೇಕು? ‘ಖಾತೆ’ ಅನ್ನುವ ಟೇಬಲ್ಲೇ ಇರುವುದಿಲ್ಲವಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಈ ದಾರಿ ಬೇಡವೇ ಬೇಡ. ನಿಮಗೆ ನಾನು ಹೇಳುವುದು ಮೂರನೆಯದು. ಎಲ್ಲರಿಗೂ ಇರುವುದು ‘ಖಾತೆ’ ಟೇಬಲ್‌ನಲ್ಲಿ, ಪ್ರತಿ ಬಗೆಯ ಸ್ವಂತದ್ದು ಅದರದೇ ಟೇಬಲ್‌ನಲ್ಲಿ, ಎರಡಕ್ಕೂ ಒಂದೇ ಖಾತೆ ಸಂಖ್ಯೆ. ಜೊತೆಗೆ ‘ಖಾತೆ’ಯಲ್ಲಿ ಬಗೆಯ ಕಾಲಂ ಇಟ್ಟು, ಸಂಖ್ಯೆ ಮತ್ತು ಬಗೆ ಎರಡೂ ಸೇರಿ ಯೂನಿಕ್ ಮಾಡಿ. ಪಿಗ್ಮಿ ಟೇಬಲ್‌ನಲ್ಲೂ ಬಗೆಯ ಕಾಲಂ ಇರಲಿ, ಅದರಲ್ಲಿ ‘ಪಿಗ್ಮಿ’ ಬಿಟ್ಟು ಬೇರೇನೂ ಬರಬಾರದು ಅಂತ ಚೆಕ್ ಹಾಕಿ, ಎರಡೂ ಕಾಲಂ ಸೇರಿಸಿ ಫಾರಿನ್ ಕೀ ಕೊಡಿ. ಆಗ ಒಂದು ಖಾತೆ ಎರಡು ಬಗೆ ಆಗುವುದನ್ನು ಡೇಟಾಬೇಸೇ ತಡೆಯುತ್ತದೆ. ಜಾಯಿನ್ ಸ್ಲೋ ಅನ್ನುವ ಹೆದರಿಕೆ ನಿಮ್ಮ ಗಾತ್ರಕ್ಕೆ ಅಲ್ಲ. 4 ಸಾವಿರ ಸದಸ್ಯರಿಗೆ ಖಾತೆ ಎಷ್ಟಾದವು? ಪ್ರೈಮರಿ ಕೀ ಮೇಲೆ ಅಷ್ಟು ಸಾಲುಗಳ ಜಾಯಿನ್ ಪೋಸ್ಟ್‌ಗ್ರೆಸ್‌ಗೆ ಲೆಕ್ಕಕ್ಕೇ ಇಲ್ಲ.

ಜೋಡಿಸುವುದು ಅಂದಾಗ ನನಗೆ ನಿಮ್ಮ ಜಿಲ್ಲೆಯ ಇಳಕಲ್ ಸೀರೆ ನೆನಪಾಗುತ್ತದೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗಿಗೆ ರೇಷ್ಮೆ ಬೇಕು ಅಂತ ಒಡಲನ್ನೂ ರೇಷ್ಮೆ ಮಾಡುವುದಿಲ್ಲ.

ಈ ಬುದ್ಧಿ ನನಗೂ ಪೆಟ್ಟು ತಿಂದೇ ಬಂದದ್ದು. ಹಿಂದೆ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ಕಾಟಾದ ಸಾಫ್ಟ್‌ವೇರ್ ಬರೆದೆ. ‘ವಾಹನ’ದ ಕೆಳಗೆ ಎತ್ತಿನ ಗಾಡಿ, ಲಾರಿ, ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಕೆಳಗೆ ‘ಒಂದು ಟ್ರೇಲರ್’, ‘ಎರಡು ಟ್ರೇಲರ್’. ಪ್ರತಿ ಬಗೆಗೂ ಖಾಲಿ ತೂಕ ಇಂತಿಷ್ಟರೊಳಗೆ ಅಂತ ಮಿತಿ. ಕಾಗದದ ಮೇಲೆ ಚಂದ ಇತ್ತು. ಹಂಗಾಮು ಶುರುವಾದ ಮೂರನೇ ರಾತ್ರಿ ಒಬ್ಬರ ಎರಡನೇ ಟ್ರೇಲರಿನ ಚಕ್ರ ದಾರಿಯಲ್ಲೇ ಕೂತಿತು. ಒಂದನ್ನೇ ಎಳೆದು ತಂದರು. ಖಾಲಿ ತೂಕ ಮಿತಿಯಲ್ಲಿಲ್ಲ ಅಂತ ಸಾಫ್ಟ್‌ವೇರ್ ಪಾವತಿ ಚೀಟಿ ಕೊಡಲಿಲ್ಲ. ಹಿಂದೆ ಸಾಲುಗಟ್ಟಿ ಗಾಡಿ. ಕಾಟಾದ ಗುಮಾಸ್ತರು ಬೆಳಗಿನ ಜಾವ ನನಗೆ ಫೋನಿನಲ್ಲಿ ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಟ್ರೇಲರ್ ಅನ್ನುವುದು ಟ್ರ್ಯಾಕ್ಟರಿನ ಬಗೆ ಅಲ್ಲ, ಹಿಂದೆ ಸಿಕ್ಕಿಸುವ ಬೇರೆ ವಸ್ತು. ಆ ಕೊಕ್ಕೆಯನ್ನು ದಿನಾ ನೋಡುತ್ತಿದ್ದವನಿಗೆ ಅದು ಹೊಳೆದಿರಲಿಲ್ಲ.

ಈ ದಾರಿಗೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಕ್ಲಾಸು ಬಿಟ್ಟು ಸಂಬಂಧಕ್ಕೆ ಬಂದವರು ಕೆಲವೊಮ್ಮೆ ಹುರುಪಿನಲ್ಲಿ ಎಲ್ಲದಕ್ಕೂ ಒಂದೇ ‘ಪಾತ್ರ’ ಟೇಬಲ್ ಮಾಡಿ, ಹೆಸರು-ಬೆಲೆ ಅಂತ ಎರಡು ಕಾಲಂನಲ್ಲಿ ಲೋಕವನ್ನೇ ತುಂಬುತ್ತಾರೆ. ಆಗ ತಾರೀಖಿನ ಜಾಗದಲ್ಲಿ ಫೋನ್ ನಂಬರ್ ಬಿದ್ದರೂ ಕೇಳುವವರಿಲ್ಲ. ಜಾಮೀನಿಗೆ ಜಾಮೀನಿನ ಟೇಬಲ್, ಸದಸ್ಯತ್ವಕ್ಕೆ ಸದಸ್ಯತ್ವದ ಟೇಬಲ್ ಇರಲಿ.

ಇರುವ ಡೇಟಾ ಬದಲಿಸುವುದೇ ದೊಡ್ಡ ಕೆಲಸ. ಮಾರ್ಚ್ ಕೊನೆಯ ಲೆಕ್ಕ, ಅದರ ಹಿಂದೆಯೇ ಬರುವ ಆಡಿಟ್ ಮುಗಿಯುವವರೆಗೆ ಕೈ ಹಾಕಬೇಡಿ. ನಾಲ್ಕು ಮಲ್ಲಪ್ಪರನ್ನು ಒಬ್ಬನನ್ನಾಗಿ ಮಾಡುವ ಪ್ರೋಗ್ರಾಂ ಬರೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ನಮ್ಮ ಊರುಗಳಲ್ಲಿ ಒಂದೇ ಹೆಸರು, ಒಂದೇ ತಂದೆಯ ಹೆಸರು, ಒಂದೇ ಅಡ್ಡಹೆಸರಿನ ಇಬ್ಬರು ಇರುವುದು ಏನೂ ದೊಡ್ಡದಲ್ಲ. ಇಬ್ಬರನ್ನು ಒಬ್ಬನೆಂದು ಸೇರಿಸಿದರೆ ಒಬ್ಬನ ಠೇವಣಿ ಇನ್ನೊಬ್ಬನ ಸಾಲಕ್ಕೆ ಜಮಾ ಆಗುತ್ತದೆ. ಪ್ರೋಗ್ರಾಂ ಬರೀ ಅನುಮಾನದ ಪಟ್ಟಿ ಕೊಡಲಿ, ಕಾರ್ಯದರ್ಶಿಯವರು ಕೆವೈಸಿ ಕಾಗದ ನೋಡಿ ಒಂದೊಂದಕ್ಕೂ ಟಿಕ್ ಹಾಕಲಿ. ಹಳೆಯ ಸಂಖ್ಯೆ ಯಾವುದು, ಹೊಸದು ಯಾವುದು ಅಂತ ಒಂದು ಟೇಬಲ್ ಶಾಶ್ವತವಾಗಿ ಉಳಿಸಿ, ಏಕೆಂದರೆ ಜನರ ಕೈಯಲ್ಲಿರುವ ಪಾಸ್‌ಬುಕ್‌ನಲ್ಲಿ ಹಳೆಯದೇ ಇರುತ್ತದೆ.

ಪಿಗ್ಮಿ ಏಜೆಂಟನನ್ನು ‘ನೌಕರ’ನ ಕೆಳಗೆ ಇಟ್ಟಿದ್ದೀರಿ, ಅದರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಉಡುಪಿಯ ಬ್ಯಾಂಕೊಂದು 1928ರಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ ಏಜೆಂಟರು ಯಾರು ಅನ್ನುವುದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2001ರಲ್ಲಿ ಕೋರ್ಟು, ಬ್ಯಾಂಕುಗಳ ಠೇವಣಿ ಸಂಗ್ರಹಿಸುವವರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರು ಹೌದು, ಆದರೆ ಕಾಯಂ ನೌಕರರಿಗೆ ಸರಿಸಮಾನರಲ್ಲ ಅಂದಿತು. ನ್ಯಾಯಾಧೀಶರೇ ಇಷ್ಟು ಅಳೆದು ಸುರಿದು ಹೇಳಿದ್ದನ್ನು ನೀವು ಒಂದು ಬಾಣದ ಗೆರೆಯಿಂದ ಮುಗಿಸಬೇಡಿ. ವ್ಯಕ್ತಿಗೂ ಸಂಘಕ್ಕೂ ನಡುವೆ ‘ಏಜೆನ್ಸಿ ಕರಾರು’ ಅಂತ ಒಂದು ಟೇಬಲ್ ಇರಲಿ, ಅದರಲ್ಲಿ ಕಮಿಷನ್ ದರ, ಶುರುವಾದ ತಾರೀಖು, ಮುಗಿದ ತಾರೀಖು. ಮಲ್ಲಪ್ಪನ ಮಗ ಮುಂದಿನ ವರ್ಷ ಆ ಕೆಲಸಕ್ಕೆ ಬಂದರೂ ನೀವು ಹೊಸದಾಗಿ ಬರೆಯಬೇಕಾದ್ದು ಒಂದು ಸಾಲು.